ವರ್ತಕ ನಗರದ ಮೇಡಂ, ಅವರ ನಕ್ಷತ್ರ

ಮೇಡಂ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ನಮ್ಮ ಡೊಂಬಿವಲಿಯ ಕನ್ನಡ ಸಂಘದ ಮಾಸಪತ್ರಿಕೆಯಿಂದ. ಕೊನೆಯ ಪುಟದಲ್ಲಿ, ಮದುವೆ ಹಾಲಿನ ಜಾಹೀರಾತಿನ ಕೆಳಗೆ ಒಂದು ಚಿಕ್ಕ ಫೋಟೋ, ಅದರ ಪಕ್ಕ ಕೆಲವು ಸಾಲು. ದೇಶದ ಅಣುಪರೀಕ್ಷೆಯಲ್ಲಿ ಪಾತ್ರ ವಹಿಸಿದ್ದ ಹೆಮ್ಮೆಯ ಕನ್ನಡತಿ ಎಂದು ಬರೆದಿದ್ದರು. ಬರೆದವರು ಗೌರವದಿಂದಲೇ ಬರೆದದ್ದು, ಅದರಲ್ಲಿ ಸಂಶಯವಿಲ್ಲ. ಆದರೆ ಅದು ಸುಳ್ಳು. ಅವರು ಬದುಕಿದ್ದಾಗ ಈ ಸುಳ್ಳನ್ನು ಇಲ್ಲಿಯವರೂ ನಂಬಿದರು, ಸಮುದ್ರದಾಚೆಯವರೂ ನಂಬಿದರು, ಎರಡೂ ಕಡೆಯವರು ಸೇರಿ ಅವರ ಕೆಲಸವನ್ನು ಕಸಿದುಕೊಂಡರು. ಈಗ ಅದೇ ಅವರ ಗುರುತಾಗಿ ಉಳಿಯುವುದನ್ನು ನೋಡಿಕೊಂಡು ಸುಮ್ಮನಿರಲು ನನ್ನಿಂದ ಆಗಲಿಲ್ಲ. ಹೆಸರು ಬರೆಯುತ್ತಿಲ್ಲ. ಅಲ್ಲಿ ಕೆಲಸ ಮಾಡಿದವರು ಇನ್ನೂ ಇದ್ದಾರೆ, ಯಾರಿಗೂ ಮುಜುಗರ ಬೇಡ. ನಾವೆಲ್ಲ ಅವರನ್ನು ಮೇಡಂ ಎಂದೇ ಕರೆಯುತ್ತಿದ್ದೆವು.

ತೊಂಬತ್ತರ ದಶಕದ ನಡುವೆ ನಾನು ಠಾಣೆ-ಬೇಲಾಪುರ ರಸ್ತೆಯ ಪಕ್ಕದ, ಅಣುವಿಜ್ಞಾನದ ಒಂದು ಸರ್ಕಾರಿ ಸಂಶೋಧನಾ ಕೇಂದ್ರಕ್ಕೆ ಪ್ರೋಗ್ರಾಮರ್ ಆಗಿ ಸೇರಿದೆ. ಡೊಂಬಿವಲಿಯಿಂದ ಲೋಕಲ್ ರೈಲಿನ ಹೆಂಗಸರ ಡಬ್ಬಿ ಹಿಡಿದು ಠಾಣೆಗೆ ಬರಬೇಕು, ಅಲ್ಲಿ ಸ್ಟೇಷನ್ನಿನ ಹೊರಗಿಂದ ಕೇಂದ್ರದ ಬಸ್ಸು. ಸೇರಿದ ಮೊದಲ ವಾರ ಬಸ್ಸಿನಲ್ಲಿ ಕನ್ನಡ ವಾರಪತ್ರಿಕೆಯೊಂದನ್ನು ಬಿಡಿಸಿ ಕೂತಿದ್ದೆ. ಪಕ್ಕದ ಸೀಟಿನ ಹೆಂಗಸು ಬಗ್ಗಿ, ನಾನು ಓದುತ್ತಿದ್ದ ಪುಟವನ್ನು ತಾನೂ ಓದಿ ಮುಗಿಸಿ, "ತಿರುವ್ರಿ, ನಂದು ಆತು" ಎಂದರು. ನಮ್ಮ ಪರಿಚಯ ಆದದ್ದು ಹಾಗೆ. ನನ್ನ ಊರು ಯಾವುದೆಂದು ಕೇಳಿದರು. ಮೂಡುಬಿದಿರೆ, ಆದರೆ ಹುಟ್ಟಿದ್ದು ಇಲ್ಲೇ ಎಂದೆ. "ನಂದೂ ಹಂಗ. ಬಿಜಾಪುರ ಅನ್ನೂದು ನಮ್ಮಪ್ಪನ ಬಾಯಾಗ ಇತ್ತು, ನಾ ಬೆಳೆದದ್ದು ಠಾಕುರ್ಲಿ ಚಾಳಿನಾಗ" ಎಂದರು. ಅವರ ಅಪ್ಪ ಕಲ್ಯಾಣದ ಗೂಡ್ಸ್ ಯಾರ್ಡಿನಲ್ಲಿ ಮೂಟೆ ಹೊರುತ್ತಿದ್ದವರು. ಮಗಳು ಮುನಿಸಿಪಾಲ್ಟಿಯ ಕನ್ನಡ ಶಾಲೆಯಲ್ಲಿ ಶುರುಮಾಡಿ, ಮರಾಠಿ ಹೈಸ್ಕೂಲು ದಾಟಿ, ಇಂಗ್ಲಿಷಿನಲ್ಲಿ ಪಿಎಚ್.ಡಿ. ಮಾಡಿದ್ದರು. ಲೆಕ್ಕ ಎಣಿಸುವುದು ಕನ್ನಡದಲ್ಲಿ, ಜಗಳ ಮರಾಠಿಯಲ್ಲಿ, ಬರೆಯುವುದು ಇಂಗ್ಲಿಷಿನಲ್ಲಿ. ಕಾರಿಡಾರಿನಿಂದ ಮರಾಠಿ ಜೋರಾಗಿ ಕೇಳಿಸಿತೆಂದರೆ ಇವತ್ತು ಯಾರದೋ ಗ್ರಹಚಾರ ಎಂದು ನಾವು ತಿಳಿದುಕೊಳ್ಳುತ್ತಿದ್ದೆವು.

ಗ್ರಹಚಾರ ಎಂದದ್ದು ಉತ್ಪ್ರೇಕ್ಷೆಯಲ್ಲ. ಮೇಡಂ ಸುಲಭದ ಮನುಷ್ಯರಾಗಿರಲಿಲ್ಲ. ಸುಮಾರಾಗಿ ಸರಿ ಎಂಬ ಮಾತು ಅವರ ಎದುರು ಬಾಯಿಂದ ಬಂದರೆ ಮುಗಿಯಿತು. ನಾನು ಮೊದಲ ಸಲ ತೆಗೆದುಕೊಂಡು ಹೋದ ಗ್ರಾಫನ್ನು ಅವರು ಒಮ್ಮೆ ನೋಡಿ, ಮಡಿಸಿ, ಅದರ ಮೇಲೆ ಚಹಾದ ಲೋಟ ಇಟ್ಟುಕೊಂಡರು. ಯಾಕೆಂದು ಕೇಳಿದ್ದಕ್ಕೆ, ರೇಖೆ ಅಲ್ಲಿ ಬಾಗಬಾರದು, ಬಾಗಿದೆ, ನನಗೆ ಅದು ಕಂಡಿಲ್ಲವೆಂದರೆ ನಾನು ನೋಡಿಯೇ ಇಲ್ಲ ಎಂದರು. ಒಬ್ಬ ಸಹೋದ್ಯೋಗಿ ಅವರ ಕೋಣೆಯಿಂದ ಕಣ್ಣು ಒರೆಸಿಕೊಂಡು ಹೊರಬಂದದ್ದನ್ನೂ ನಾನು ಕಂಡಿದ್ದೇನೆ. ಮರುದಿನ ಅದೇ ಸಹೋದ್ಯೋಗಿಯ ಮೇಜಿನ ಮೇಲೆ ಮೇಡಂ ಮನೆಯ ಶೇಂಗಾ ಚಟ್ನಿಯ ಡಬ್ಬಿ ಇತ್ತು. ಕ್ಷಮೆ ಕೇಳುವುದು ಅವರಿಗೆ ಬರುತ್ತಿರಲಿಲ್ಲ.

ಯೋಚನೆ ಹತ್ತಿದಾಗ ಅವರು ಮುಂಗೈಯ ಗಾಜಿನ ಬಳೆಗಳನ್ನು ಮೊಣಕೈಯವರೆಗೆ ಸರಿಸಿ ಬಿಗಿದುಕೊಳ್ಳುತ್ತಿದ್ದರು. ಬಳೆ ಮೇಲಿದ್ದಾಗ ಮಾತನಾಡಿಸಬಾರದು. ಅವು ತಾವಾಗಿ ಜಾರಿ ಕೆಳಗೆ ಬಂದು ಸದ್ದಾದರೆ ಹೋಗಬಹುದು. ಇದನ್ನು ಯಾರೂ ನನಗೆ ಹೇಳಿಕೊಡಲಿಲ್ಲ, ಬೈಸಿಕೊಂಡು ಕಲಿತೆ.

ಅವರ ಕೆಲಸವೇನೆಂದು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ದೊಡ್ಡದೊಂದು ನಕ್ಷತ್ರ ತನ್ನೊಡಲಿನ ಜಲಜನಕವನ್ನು ಸುಟ್ಟು ಮುಗಿಸಿದ ಮೇಲೆ ಹೀಲಿಯಂ ಸುಡಲು ಶುರುಮಾಡುತ್ತದೆ. ಹೀಲಿಯಂನಿಂದ ಇಂಗಾಲವಾಗುತ್ತದೆ. ಆ ಇಂಗಾಲದ ಒಂದು ಪಾಲು ಮತ್ತೆ ಹೀಲಿಯಂ ಜೊತೆ ಸೇರಿ ಆಮ್ಲಜನಕವಾಗುತ್ತದೆ. ಎಷ್ಟು ಇಂಗಾಲ ಉಳಿಯಿತು, ಎಷ್ಟು ಆಮ್ಲಜನಕವಾಯಿತು ಎಂಬುದರ ಮೇಲೆ ಆ ನಕ್ಷತ್ರದ ಮುಂದಿನ ಗತಿಯೆಲ್ಲ ನಿಂತಿದೆ. ಅದು ಕೊನೆಗೆ ಹೇಗೆ ಸಿಡಿಯುತ್ತದೆ, ಸಿಡಿದ ಮೇಲೆ ಏನು ಉಳಿಯುತ್ತದೆ ಎಂಬುದೂ. ನಾವು ಉಸಿರಾಡುವ ಗಾಳಿ, ನಮ್ಮ ಮೈಯ ಇಂಗಾಲ ಎಲ್ಲ ಹಾಗೆ ಎಂದೋ ಬೆಂದು ಬಂದದ್ದೇ. ತೊಂದರೆಯೆಂದರೆ, ನಕ್ಷತ್ರದೊಳಗಿನ ಶಾಖದಲ್ಲಿ ಆ ಕ್ರಿಯೆ ಎಷ್ಟು ಅಪರೂಪವೆಂದರೆ ಭೂಮಿಯ ಮೇಲೆ ಅದನ್ನು ನೇರವಾಗಿ ಅಳೆಯಲಾಗುವುದಿಲ್ಲ. ಹೆಚ್ಚಿನ ಶಕ್ತಿಯಲ್ಲಿ ಅಳೆದು, ಅಲ್ಲಿಂದ ಕೆಳಗೆ ಏನಾಗಿರಬಹುದೆಂದು ಲೆಕ್ಕದಿಂದ ಇಳಿಯಬೇಕು. ಅಳೆಯುತ್ತಿದ್ದವರು ಅಮೆರಿಕದ ಒಂದು ವಿಶ್ವವಿದ್ಯಾಲಯದ ಪ್ರೊಫೆಸರು ಮತ್ತು ಅವರ ಗುಂಪು. ಕೆಳಗೆ ಇಳಿಯುವ ಗಣಿತ ಮೇಡಂದು. ಆ ಗಣಿತದ ಫಲವನ್ನು ಹಾಕಿ ದೊಡ್ಡ ಕಂಪ್ಯೂಟರಿನೊಳಗೆ ಒಂದು ನಕ್ಷತ್ರವನ್ನು ಹುಟ್ಟಿಸಿ, ಬೆಳೆಸಿ, ಮುಪ್ಪಾಗಿಸಿ ನೋಡುವುದು ಮತ್ತೆ ಅಮೆರಿಕದವರ ಕೆಲಸ. ಅಂಥದೇ ಒಂದು ಬಡ ನಕ್ಷತ್ರವನ್ನು ನಮ್ಮ ಕೇಂದ್ರದ ಪುಟ್ಟ ಕಂಪ್ಯೂಟರಿನಲ್ಲಿ ಓಡಿಸುವುದು ನನ್ನ ಪಾಲಿನದು.

ಆ ಕಾಲದ ಇ-ಮೇಲ್ ಅಂದರೆ ಇಡೀ ಕಟ್ಟಡಕ್ಕೆ ಒಂದೇ ಟೆಲಿಫೋನ್ ಲೈನು. ಅದು ಸಿಕ್ಕಿದ ದಿನ ಮೇಡಂ ಮುಖ ಬೇರೆಯೇ ಇರುತ್ತಿತ್ತು. ಪ್ರೊಫೆಸರರನ್ನು ಅವರು ಎರಡು ಸಲ ಅಲ್ಲಿಗೆ ಹೋಗಿ ಕಂಡಿದ್ದರು. ಸಣ್ಣ ಸಣ್ಣ ವಿಷಯಕ್ಕೆ ವಾರಗಟ್ಟಲೆ ವಾದ ಮಾಡುತ್ತಿದ್ದರು, ಸೋತವರು ಸೋತೆ ಎಂದು ಬರೆಯುತ್ತಿದ್ದರು. ಇಷ್ಟು ವರ್ಷದ ನೌಕರಿಯಲ್ಲಿ ಅಷ್ಟು ಸಮನಾಗಿ ಒಬ್ಬರೊಡನೊಬ್ಬರು ಮಾತನಾಡುವ ಜನರನ್ನು ನಾನು ಕಂಡಿಲ್ಲ.

ಒಂದು ಡಿಸೆಂಬರಿನಲ್ಲಿ ಪ್ರೊಫೆಸರರ ವಿದ್ಯಾರ್ಥಿನಿ ಮಾರ್ಟಾ ಕೆಲಸ ಕಲಿಯಲೆಂದು ಬಂದಳು. ಪೋಲಂಡಿನ ಬಡ ಮನೆಯ ಹುಡುಗಿ, ಅಮೆರಿಕಕ್ಕೆ ಓದಲು ಹೋದವಳು. ಅತಿಥಿಗೃಹದಲ್ಲಿ ನೀರಿನ ಪಂಪು ಕೆಟ್ಟಿತೆಂದು ಮೇಡಂ ಅವಳನ್ನು ವರ್ತಕ ನಗರದ ತಮ್ಮ ಎರಡು ಕೋಣೆಯ ಮನೆಗೆ ಕರೆದುಕೊಂಡು ಹೋದರು. ಪಂಪು ಸರಿಯಾದ ಮೇಲೂ ಅವಳು ವಾಪಸು ಹೋಗಲಿಲ್ಲ. ಮೇಡಂಗೆ ಮದುವೆಯಾಗಿರಲಿಲ್ಲ, ಮನೆಯಲ್ಲಿ ಅವರು ಮತ್ತು ಅವರ ಅವ್ವ ಇಬ್ಬರೇ. ಅವ್ವನಿಗೆ ಬಿಜಾಪುರದ ಕನ್ನಡ ಬಿಟ್ಟರೆ ಬಜಾರಿನ ಮರಾಠಿ. ಮಾರ್ಟಾಳಿಗೆ ಎರಡೂ ಬಾರದು. ಆದರೂ ನಾನೊಂದು ಭಾನುವಾರ ಹೋದಾಗ ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತ, ತಮ್ಮ ತಮ್ಮ ಭಾಷೆಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದರು. ಹೊರಡುವ ದಿನ ಅವ್ವ ಅವಳಿಗೊಂದು ಇಳಕಲ್ ಸೀರೆ ಉಡಿಸಿ, ನೆತ್ತಿ ನೇವರಿಸಿ, "ಇಕಿ ಭಾಳ ತೆಳ್ಳಗದಾಳ, ಅಲ್ಲಿ ಉಣ್ಣಾಕ ಹಾಕೂದಿಲ್ಲೇನ?" ಎಂದು ಮಗಳನ್ನು ಕೇಳಿದರು. ಮೇಡಂ ಅದನ್ನು ಇಂಗ್ಲಿಷಿಗೆ ತಿರುಗಿಸಿದಾಗ ಮಾರ್ಟಾ ನಕ್ಕಳು, ಆಮೇಲೆ ಅತ್ತಳು. ಆ ತಿಂಗಳಲ್ಲೇ ಮೇಡಂ ತಮ್ಮ ಹೊಸ ಕೋಷ್ಟಕವನ್ನು ಅವಳಿಗೆ ಕೊಟ್ಟದ್ದು. ಯಾವ ಶಾಖಕ್ಕೆ ಕ್ರಿಯೆಯ ವೇಗ ಎಷ್ಟು ಎಂಬ ಅಂಕಿಗಳವು. ಮಾರ್ಟಾಳ ಇಡೀ ಪ್ರಬಂಧ ಆ ಅಂಕಿಗಳ ಮೇಲೆ ನಿಲ್ಲುವುದಿತ್ತು.

ತೊಂಬತ್ತೆಂಟರ ಮೇ ತಿಂಗಳಲ್ಲಿ ಪೋಖ್ರಾನಿನಲ್ಲಿ ಅಣುಪರೀಕ್ಷೆಯಾಯಿತು. ಡೊಂಬಿವಲಿಯಲ್ಲಿ ಪಟಾಕಿ ಹೊಡೆದರು, ಸ್ಟೇಷನ್ನಿನ ಎದುರು ಪೇಢೆ ಹಂಚಿದರು. ಮರುದಿನ ಬಸ್ಸಿನಲ್ಲೂ ಗದ್ದಲವೇ. ಮೇಡಂ ಕಿಟಕಿಯ ಪಕ್ಕ ಕೂತಿದ್ದರು. ಬಳೆ ಮೊಣಕೈಯ ಹತ್ತಿರ ಇದ್ದವು.

ಅಮೆರಿಕ ನಮ್ಮ ದೇಶದ ಮೇಲೆ ನಿರ್ಬಂಧ ಹೇರಿತು, ಆಮೇಲೆ ಒಂದೊಂದೇ ಬಾಗಿಲು ಮುಚ್ಚುತ್ತ ಬಂತು. ಅಮೆರಿಕದ ಕಂಪ್ಯೂಟರಿನಲ್ಲಿ ನಮಗಿದ್ದ ಖಾತೆ ತೆರೆಯಲಿಲ್ಲ. ಶರತ್ಕಾಲದಲ್ಲಿ ಅಲ್ಲಿ ನಡೆಯಬೇಕಿದ್ದ ಸಮ್ಮೇಳನದಲ್ಲಿ ಮೇಡಂ ಭಾಷಣವಿತ್ತು, ವೀಸಾ ನಿರಾಕರಣೆಯಾಯಿತು. ಪ್ರೊಫೆಸರರಿಂದ ನಾಲ್ಕು ಸಾಲಿನ ಒಂದು ಮೇಲ್ ಬಂತು. ತಮ್ಮ ಸರ್ಕಾರದ ನಿಯಮದಂತೆ ಈ ಕೇಂದ್ರದ ಯಾರೊಡನೆಯೂ ಕೆಲಸ ಮುಂದುವರಿಸಲಾಗದು, ದಯವಿಟ್ಟು ಅರ್ಥ ಮಾಡಿಕೊಳ್ಳಿ ಎಂದಿತ್ತು. ಅಷ್ಟೇ ಆಗಿದ್ದರೆ ಮೇಡಂ ತಡೆದುಕೊಳ್ಳುತ್ತಿದ್ದರೋ ಏನೋ. ಕೊನೆಯ ಸಾಲಿನಲ್ಲಿ, ನಿಮ್ಮ ಕೆಲಸದ ಇನ್ನೊಂದು ಭಾಗದ ಬಗ್ಗೆ ನೀವು ನನಗೆ ಎಂದೂ ಹೇಳಲಿಲ್ಲ ಎಂದು ಬರೆದಿದ್ದರು. ಮೇಡಂ ಅದನ್ನು ನನಗೆ ತೋರಿಸಿ, "ಇನ್ನೊಂದು ಭಾಗ ಯಾವುದ್ರಿ ನಂದು?" ಎಂದು ಕೇಳಿದರು. ಸಿಟ್ಟಿನಿಂದಲ್ಲ. ನಿಜವಾಗಿ ತಿಳಿಯದೆ ಕೇಳಿದ ಹಾಗೆ. ಅವರು ಉತ್ತರ ಬರೆದರು, ಅದಕ್ಕೆ ಮರುಮಾತು ಬರಲಿಲ್ಲ.

ಅಲ್ಲಿ ಅನುಮಾನ, ಇಲ್ಲಿ ಹಾರ. ನಮ್ಮ ದೊಡ್ಡಪ್ಪ ಆಗ ಸಂಘದ ಅಧ್ಯಕ್ಷರು, ಡೊಂಬಿವಲಿಯಲ್ಲಿ ಹೋಟೆಲು ನಡೆಸುತ್ತಿದ್ದರು. ಮೇಡಂ ಕೇಂದ್ರದಲ್ಲಿ ಅಣುವಿಜ್ಞಾನಿ ಎಂದು ನನ್ನಿಂದಲೇ ಕೇಳಿದ್ದವರು, ಸನ್ಮಾನ ಮಾಡಿಯೇ ತೀರಬೇಕು ಎಂದು ಹಟ ಹಿಡಿದರು. ಅವರ ಕೆಲಸ ಅದಲ್ಲ, ನಕ್ಷತ್ರದ ಬಗ್ಗೆ ಎಂದು ನಾನು ಹೇಳಿ ನೋಡಿದೆ. "ಹಾಗೆಯೇ ಹೇಳ್ಲಿಕ್ಕೆ ಉಂಟು ಮಗಾ ಅವರಿಗೆ, ಸೀಕ್ರೆಟ್ ಅಲ್ವಾ?" ಎಂದು ಕಣ್ಣು ಮಿಟುಕಿಸಿದರು. ಮೇಡಂ ಎರಡು ಸಲ ಬೇಡವೆಂದರು. ಮೂರನೆಯ ಸಲ ದೊಡ್ಡಪ್ಪ ಹಣ್ಣಿನ ಬುಟ್ಟಿ ಹಿಡಿದುಕೊಂಡು ವರ್ತಕ ನಗರಕ್ಕೇ ಹೋದರು. ಅವ್ವನ ಎದುರು ಕೂತು, ನಿಮ್ಮ ಮಗಳಿಂದ ನಮಗೆಲ್ಲ ತಲೆ ಎತ್ತುವ ಹಾಗಾಯಿತು ಎಂದರು. ಅವ್ವನ ಮುಖ ಅರಳಿತು. ಅಷ್ಟು ವರ್ಷ ಮಗಳು ಏನು ಮಾಡುತ್ತಾಳೆಂದು ಯಾರೂ ಆಕೆಗೆ ಹಾಗೆ ಹೇಳಿರಲಿಲ್ಲ. ಅವ್ವನ ಮುಖ ನೋಡಿ ಮೇಡಂ ಒಪ್ಪಿಕೊಂಡರು.

ಶಾಲೆಯೊಂದರ ಹಾಲು ತುಂಬಿತ್ತು. ಶಾಲು, ಹಾರ, ಫಲಕ ಎಲ್ಲ ಆದ ಮೇಲೆ ಮೇಡಂ ಮೈಕಿನ ಮುಂದೆ ನಿಂತರು. ತಾನು ಬಾಂಬಿನ ಕೆಲಸ ಮಾಡಿಲ್ಲ, ಮಾಡುವವರ ಪರಿಚಯವೂ ಇಲ್ಲ, ತನ್ನ ಲೆಕ್ಕದಿಂದ ಬಾಂಬು ಹೋಗಲಿ, ಒಂದು ಬಲ್ಬು ಕೂಡ ಉರಿಯುವುದಿಲ್ಲ ಎಂದು ಅಚ್ಚ ಬಿಜಾಪುರದ ಕನ್ನಡದಲ್ಲಿ ಹೇಳಿದರು. ಜನ ನಕ್ಕರು. ಹಿಂದಿನ ಸಾಲಿನಿಂದ ಯಾರೋ ಚಪ್ಪಾಳೆ ಶುರುಮಾಡಿದರು, ಹಾಲೆಲ್ಲ ಚಪ್ಪಾಳೆಯಾಯಿತು. ಎಷ್ಟು ವಿನಯ ನೋಡಿ ಎಂದು ನನ್ನ ಪಕ್ಕದವರು ಅಂದರು. ಮೇಡಂ ಸದ್ದು ನಿಲ್ಲಲೆಂದು ಕಾದರು, ನಿಲ್ಲಲಿಲ್ಲ. ಮೈಕನ್ನು ಬಿಟ್ಟು ಕೆಳಗಿಳಿದರು. ರಿಕ್ಷಾದಲ್ಲಿ ಸ್ಟೇಷನ್ನಿಗೆ ಹೋಗುವಾಗ ನನಗೆ ಹೇಳಿದ್ದು ಒಂದೇ ಮಾತು: "ಅವರೂ ನಂಬೂದಿಲ್ಲ, ಇವರೂ ನಂಬೂದಿಲ್ಲ. ನಾ ಇನ್ನ ಯಾರಿಗೆ ಹೇಳ್ಲಿ?"

ಆಷಾಢದ ಹೊತ್ತಿಗೆ ನಮ್ಮ ಕೇಂದ್ರದಲ್ಲೂ ಸುತ್ತೋಲೆ ಬಂತು. ಅನುಮತಿಯಿಲ್ಲದೆ ಯಾವ ಲೆಕ್ಕವೂ, ಪ್ರೋಗ್ರಾಮೂ ಹೊರದೇಶಕ್ಕೆ ಹೋಗಕೂಡದು, ಹೊರಹೋಗುವ ಮೇಲ್‌ಗಳನ್ನೆಲ್ಲ ನಿರ್ದೇಶಕರ ಕಚೇರಿ ನೋಡುತ್ತದೆ ಎಂದು. ಹೇಗೂ ಆ ಕಡೆಯವರೇ ಮಾತು ಬಿಟ್ಟಿದ್ದರಿಂದ ನಮಗೆ ಅದರಿಂದ ವ್ಯತ್ಯಾಸವೇನೂ ಆಗಲಿಲ್ಲ. ಮೇಡಂ ದಿನಾ ಬಂದು, ಕೋಣೆಯ ಬಾಗಿಲು ಹಾಕಿಕೊಂಡು, ನನ್ನ ಬಡ ನಕ್ಷತ್ರದ ಫಲಿತಾಂಶಗಳನ್ನು ತಿದ್ದುತ್ತ ಕೂರುತ್ತಿದ್ದರು. ಅದಕ್ಕೂ ಮಾರ್ಟಾ ಹಿಂದೆ ಕಳಿಸಿದ್ದ ಫಲಿತಾಂಶಕ್ಕೂ ತಾಳೆಯಾಗುತ್ತಿರಲಿಲ್ಲ. ಅವಳ ನಕ್ಷತ್ರದಲ್ಲಿ ಇಂಗಾಲ ತೀರ ಕಡಿಮೆ ಉಳಿಯುತ್ತಿತ್ತು. ನಮ್ಮ ಕಂಪ್ಯೂಟರು ಚಿಕ್ಕದು, ನಮ್ಮದೇ ಒರಟು ಲೆಕ್ಕ ಎಂದುಕೊಂಡಿದ್ದೆವು.

ಒಂದು ದಿನ ಬೆಳಿಗ್ಗೆ ಬಸ್ಸು ಕಳವಾ ಸೇತುವೆಯ ಮೇಲೆ ಟ್ರಾಫಿಕ್ಕಿನಲ್ಲಿ ನಿಂತಿತ್ತು. ಮೇಡಂ ನನ್ನ ಕೈ ಹಿಡಿದರು. ಎಂದೂ ಹಿಡಿದವರಲ್ಲ.

"ತಪ್ಪ ಅವರದಲ್ರಿ, ನಮ್ಮ ಕಂಪ್ಯೂಟರಿಂದೂ ಅಲ್ಲ. ನಂದು" ಎಂದರು.

ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದರು. ನಕ್ಷತ್ರದ ಆ ದಟ್ಟಣೆಯಲ್ಲಿ ಸುತ್ತಲಿನ ಎಲೆಕ್ಟ್ರಾನುಗಳಿಂದಾಗಿ ಕ್ರಿಯೆ ತುಸು ಚುರುಕಾಗುತ್ತದೆ, ಲೆಕ್ಕಕ್ಕೆ ಅದರ ತಿದ್ದುಪಡಿಯೊಂದನ್ನು ಸೇರಿಸಬೇಕು. ಮೇಡಂ ತಮ್ಮ ಕೋಷ್ಟಕದಲ್ಲೇ ಅದನ್ನು ಸೇರಿಸಿಬಿಟ್ಟಿದ್ದರು. ಆದರೆ ಮಾರ್ಟಾಳಿಗೆ ಕೊಡುವಾಗ, ಸೇರಿಸಿಲ್ಲ, ನೀನು ಸೇರಿಸಿಕೋ ಎಂದಿದ್ದರು. ಅವಳು ಸೇರಿಸಿಕೊಂಡಳು. ಒಂದೇ ತಿದ್ದುಪಡಿ ಎರಡು ಸಲ ಸೇರಿ ಇಂಗಾಲ ಬೇಗ ಬೇಗ ತೀರಿಹೋಗುತ್ತಿತ್ತು. ಸುಮಾರಾಗಿ ಸರಿ ಎಂದವರ ಮೇಲೆ ಹರಿಹಾಯುತ್ತಿದ್ದ ಮೇಡಂ, ಸ್ವತಃ ತಾವೇ ಮರೆತು ಹೇಳಿದ ಒಂದು ಮಾತು. ಮಾರ್ಟಾ ಆ ನಕ್ಷತ್ರವನ್ನು ನಂಬಿ ಪ್ರಬಂಧ ಬರೆಯುತ್ತಿದ್ದಳು, ಆ ವರ್ಷವೇ ಪರೀಕ್ಷಕರ ಮುಂದೆ ನಿಲ್ಲುವವಳಿದ್ದಳು.

ಅದೇ ದಿನ ಮೇಡಂ ನಿರ್ದೇಶಕರಿಗೆ ಅರ್ಜಿ ಕೊಟ್ಟರು. ಒಂದು ತಪ್ಪನ್ನು ತಿದ್ದಿ ಒಂದು ವಾಕ್ಯ ಬರೆಯಬೇಕು, ಅಷ್ಟಕ್ಕೆ ಅನುಮತಿ ಬೇಕು ಎಂದು. ನಿರ್ದೇಶಕರು ಕೆಟ್ಟವರಲ್ಲ, ಪುಣೆಯ ಕಡೆಯ ಮೃದು ಮನುಷ್ಯ, ನಿವೃತ್ತಿಗೆ ಹತ್ತಿರವಾಗಿದ್ದವರು. ಆದರೆ ಕ್ರಿಯೆಯ ವೇಗ, ಕೋಷ್ಟಕ ಎಂಬ ಮಾತುಗಳನ್ನು ನೋಡಿ ಹೆದರಿ ಅರ್ಜಿಯನ್ನು ದಿಲ್ಲಿಗೆ ಕಳಿಸಿದರು. ದಿಲ್ಲಿಯಿಂದ ಏನೂ ಬರಲಿಲ್ಲ. ಮೇಡಂ ವಾರಕ್ಕೊಮ್ಮೆ ಹೋಗಿ ಕೇಳುತ್ತಿದ್ದರು, ನಿರ್ದೇಶಕರು ವಾರಕ್ಕೊಮ್ಮೆ ಕನ್ನಡಕ ಒರೆಸುತ್ತಿದ್ದರು. ಕಾರಿಡಾರಿನಲ್ಲಿ ಒಬ್ಬರು ಹಿರಿಯರು, ನಮ್ಮನ್ನು ಹೊರಗೆ ಹಾಕಿದವರ ತಪ್ಪು ತಿದ್ದಲು ನಿಮಗೇನು ದರ್ದು, ಆಗಲಿ ಅವರಿಗೂ ಒಂದು ಪಾಠ ಎಂದರು. ಮೇಡಂ ಮರಾಠಿಯಲ್ಲಿ ಜಗಳಕ್ಕೆ ನಿಲ್ಲಲಿಲ್ಲ. ಅದು ನನಗೆ ಹೆದರಿಕೆ ಹುಟ್ಟಿಸಿತು. ಆ ಹಿರಿಯರು ಅಂದ ಹಾಗೆಯೇ ಅವರಿಗೂ ಒಳಗೊಳಗೆ ಅನ್ನಿಸಿರಬೇಕು. ಒಂದು ದಿನ ಊಟಕ್ಕೆ ಕೂತಾಗ, ಪ್ರೊಫೆಸರರ ಹೆಸರಿನಲ್ಲೇ ಆ ತಪ್ಪು ಅಚ್ಚಾಗಲಿ ಎಂದು ಒಂದು ಗಳಿಗೆ ಆಸೆಯಾಯಿತು ಎಂದರು. ರೊಟ್ಟಿ ಮುರಿದು ಹಾಗೆಯೇ ಡಬ್ಬಿಯೊಳಗೆ ಇಟ್ಟರು.

ಮಳೆ ಕಡಿಮೆಯಾದ ಮೇಲೆ ಒಂದು ಸಂಜೆ ಠಾಣೆಯಲ್ಲಿ ಬಸ್ಸಿಳಿದು ನಾನು ಸ್ಟೇಷನ್ನಿನ ಕಡೆ ತಿರುಗಿದರೆ ಮೇಡಂ ತಮ್ಮ ರಿಕ್ಷಾದ ಕ್ಯೂ ಬಿಟ್ಟು ಎದುರಿನ ಎಸ್‌ಟಿಡಿ-ಐಎಸ್‌ಡಿ ಬೂತಿನ ಕಡೆ ನಡೆದರು. ಏನೆಂದು ತಿಳಿದು ಹಿಂದೆ ಓಡಿದೆ. ಅನುಮತಿ ಬರಲಿ ಮೇಡಂ, ಇನ್ನೊಂದು ವಾರ ನೋಡೋಣ, ಈಗ ಸಮಯ ಸರಿಯಿಲ್ಲ, ಯಾರಾದರೂ ದೇಶದ್ರೋಹ ಅಂದುಬಿಟ್ಟರೆ ಎಂದೆ.

"ಅನುಮತಿ ಬರೂದ್ರಾಗ ಆ ಹುಡುಗಿ ನಾಲ್ಕ ಮಂದಿ ಮುಂದ ಎದ್ದ ನಿಂತು ತಪ್ಪ ಓದ್ತಾಳ. ಅದು ನಾ ಬಾಯಿಲೆ ಹೇಳಿದ ತಪ್ಪ. ನೀವು ಮನೀಗ್ ಹೋಗ್ರಿ, ನೀವು ಇದ್ರಾಗ ಬರಬ್ಯಾಡ್ರಿ."

ನಾನು ಹೋಗಲಿಲ್ಲ. ಬೂತಿನ ಗಾಜಿನ ಹೊರಗೆ ನಿಂತೆ. ಅಲ್ಲಿ ಆಗ ಬೆಳಿಗ್ಗೆ. ಮಾರ್ಟಾಳೇ ಎತ್ತಿಕೊಂಡಳೆಂದು ಮೇಡಂ ಮುಖದಿಂದ ತಿಳಿಯಿತು. ಮೊದಲು ಹುಡುಗಿ ಗಾಬರಿಯಾದಳಂತೆ, ತಾನು ನಿಮ್ಮೊಡನೆ ಮಾತಾಡಬಾರದು ಎಂದಳಂತೆ. ಮಾತಾಡಬೇಡ, ಕೇಳಿಸಿಕೋ ಎಂದರಂತೆ ಇವರು. ತಿದ್ದುಪಡಿಯ ವಿಷಯ ಹೇಳಿದರು. ಕೊನೆಗೆ ಅವಳು ಕೇಳಿದ್ದು ಅವ್ವ ಹೇಗಿದ್ದಾರೆ ಎಂದು. ಮೇಡಂ ಹೊರಬಂದಾಗ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು. ಅವಳು ಎಲ್ಲವನ್ನೂ ಮತ್ತೆ ಮೊದಲಿಂದ ಓಡಿಸಬೇಕು, ಈ ವರ್ಷ ಅವಳಿಗೆ ಡಿಗ್ರಿ ಸಿಗುವುದಿಲ್ಲ ಎಂದರು. ಕೆಟ್ಟ ಸುದ್ದಿ ತಲುಪಿಸಿದವರ ಹಾಗೆ ಇದ್ದರು, ಭಾರ ಇಳಿಸಿದವರ ಹಾಗಲ್ಲ.

ಇದು ಇಷ್ಟಕ್ಕೇ ಮುಗಿಯಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮರುದಿನ ಮೇಡಂ ತಾವೇ ನಿರ್ದೇಶಕರ ಕೋಣೆಗೆ ಹೋಗಿ, ನಾನು ಫೋನ್ ಮಾಡಿದೆ, ಹೀಗೆ ಹೇಳಿದೆ ಎಂದರು. ಆ ಮುದುಕರಿಗೆ ಪಾಪ ಬೆವರು ಬಂತು. ತಾಯಿಯ ಕಾಯಿಲೆ ವಿಷಯ ಹೇಳಲು ಮಾಡಿದ ಖಾಸಗಿ ಫೋನು ಎಂದು ಬರೆದುಕೊಡಿ, ನಾನು ಇಲ್ಲಿಗೇ ಮುಗಿಸುತ್ತೇನೆ ಎಂದು ಅಂಗಲಾಚಿದರಂತೆ. ಮೇಡಂ ಒಪ್ಪಲಿಲ್ಲ. ಅವ್ವ ಗಟ್ಟಿಮುಟ್ಟಾಗಿದ್ದಾಳೆ ಎಂದರಂತೆ. ಯಾಕೆ ಮೇಡಂ ಅಷ್ಟು ಹಟ ಎಂದು ನಾನು ಕೇಳಿದ್ದುಂಟು. ಒಂದು ಸುಳ್ಳು ಮಾತಿನಿಂದ ಇಷ್ಟೆಲ್ಲ ಆಗಿದೆ, ಅದನ್ನು ಸರಿಮಾಡಲು ಇನ್ನೊಂದು ಹೇಳಲೇ ಎಂದರು.

ವಿಚಾರಣೆ ನಡೆಯಿತು. ದಿಲ್ಲಿಯಿಂದ ಬಂದವರು ನನ್ನನ್ನೂ ಕರೆದು ಕೇಳಿದರು. ನಾನು ಗಾಜಿನ ಹೊರಗೆ ನಿಂತಿದ್ದೆ, ನಕ್ಷತ್ರದ ವಿಷಯ ಮಾತ್ರ ಮಾತಾಡಿದೆ ಎಂದು ಮೇಡಂ ಹೊರಬಂದ ಕೂಡಲೆ ನನಗೆ ಹೇಳಿದರು ಎಂದು ಇದ್ದದ್ದನ್ನು ಹೇಳಿದೆ. ಗುಟ್ಟು ಹೊರಗೆ ಹೋಗಿಲ್ಲವೆಂದು ಅವರೇ ಬರೆದುಕೊಂಡು ಹೋದರು. ಆದರೂ ನಿಯಮ ಮುರಿದದ್ದು ಮುರಿದದ್ದೇ ಎಂದು ಮೇಡಂ ಅವರನ್ನು ಸಂಶೋಧನೆಯಿಂದ ತೆಗೆದು ಗ್ರಂಥಾಲಯದ ಉಸ್ತುವಾರಿಗೆ ಹಾಕಿದರು. ಕಂಪ್ಯೂಟರು ಕೋಣೆಯ ಕೀಲಿ ವಾಪಸು ತೆಗೆದುಕೊಂಡರು. ಮೇಡಂ ಕೆಲವು ತಿಂಗಳು ಪುಸ್ತಕಗಳಿಗೆ ಚೀಟಿ ಅಂಟಿಸುತ್ತ ಕೂತರು. ಊಟದ ಹೊತ್ತಿಗೆ ನನ್ನ ಕೋಣೆಯ ಹೊರಗೆ ಬಂದು ನಿಲ್ಲುತ್ತಿದ್ದರು, ಒಳಗೆ ಬರುತ್ತಿರಲಿಲ್ಲ. ಬೇಸಿಗೆಯಲ್ಲಿ ರಾಜೀನಾಮೆ ಕೊಟ್ಟರು.

ಮಾರ್ಟಾ ಒಂದು ವರ್ಷ ತಡವಾಗಿ ಪದವಿ ಪಡೆದಳು. ಆ ಕೆಲಸ ಪತ್ರಿಕೆಯಲ್ಲಿ ಅಚ್ಚಾದಾಗ ಲೇಖಕರ ಸಾಲಿನಲ್ಲಿ ಮೇಡಂ ಹೆಸರಿರಲಿಲ್ಲ. ಮಾರ್ಟಾ ಬಹಳ ಹೋರಾಡಿದಳೆಂದೂ ಪ್ರೊಫೆಸರರ ವಿಶ್ವವಿದ್ಯಾಲಯ ಒಪ್ಪಲಿಲ್ಲವೆಂದೂ ಆಮೇಲೆ ತಿಳಿಯಿತು. ಕೋಷ್ಟಕ ಮಾತ್ರ ಮೇಡಂದೇ.

ನಾನು ಅವರನ್ನು ಕೊನೆಯದಾಗಿ ನೆಮ್ಮದಿಯಿಂದ ಕೂತು ಕಂಡದ್ದು ತೊಂಬತ್ತೊಂಬತ್ತರ ಕೊನೆಯಲ್ಲಿ. ಸೀವುಡ್ಸ್ ಕಡೆಯ ಒಂದು ಜೂನಿಯರ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು, ಅವ್ವನೊಡನೆ ಅಲ್ಲೇ ಮನೆ ಹಿಡಿದಿದ್ದರು. ಆಗಿನ್ನೂ ಅಲ್ಲಿ ಅರ್ಧ ಕಟ್ಟಿದ ಬಿಲ್ಡಿಂಗುಗಳು, ಆಚೆ ಸಮುದ್ರದ ಖಾಡಿಯ ಕೆಸರು. ಅವ್ವ ಟೀವಿಯಲ್ಲಿ ಮರಾಠಿ ಧಾರಾವಾಹಿ ನೋಡುತ್ತಿದ್ದರು. ಕಾಲೇಜಿನ ಮಕ್ಕಳು ಹೇಗಿದ್ದಾರೆ ಎಂದು ಕೇಳಿದೆ. ಒಳ್ಳೆಯವರು, ಆದರೆ ಪರೀಕ್ಷೆಗೆ ಬರುವುದಷ್ಟನ್ನೇ ಹೇಳಿ ಅನ್ನುತ್ತಾರೆ ಎಂದರು. ನಾನು ಅವರಿಗೆ ಸಮಾಧಾನ ಹೇಳಬೇಕೆಂದುಕೊಂಡು ಬಂದಿದ್ದೆ. ನೀವು ಮಾಡಿದ್ದು ಸರಿ ಮೇಡಂ, ನಿಮ್ಮ ಜಾಗದಲ್ಲಿ ಬೇರೆ ಯಾರೂ ಅಷ್ಟು ಮಾಡುತ್ತಿರಲಿಲ್ಲ, ಎಲ್ಲರೂ ಹಾಗೇ ಅನ್ನುತ್ತಾರೆ ಎಂದೆ.

ಅವರು ಚಹಾದ ಕಪ್ಪನ್ನು ಬಸಿಯ ಮೇಲೆ ತಿರುಗಿಸಿದರು.

"ಸರಿ ಅಂತ ನನಗೂ ಗೊತ್ತೈತ್ರಿ. ಸರಿ ಮಾಡಿದ್ರ ಸಮಾಧಾನ ಆಗ್ತೈತಿ ಅಂದ್ಕೊಂಡಿದ್ದೆ. ಆಗ್ಲಿಲ್ಲ. ಮುಂಜಾನೆ ಎದ್ದ ಕೂಡಲೆ ಇವತ್ತ ಏನ ಲೆಕ್ಕ ಮಾಡ್ಬೇಕು ಅಂತ ಮನಸ ಓಡ್ತೈತಿ. ಆಮ್ಯಾಲ ನೆನಪಾಗ್ತೈತಿ."

ಸಂಜೆಯಾಯಿತೆಂದು ಎದ್ದೆ. ಮೇಡಂ ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟಾಪಿನವರೆಗೆ ಬಂದರು. ದಾರಿಯುದ್ದಕ್ಕೂ ನನ್ನ ಗಂಡ, ಡೊಂಬಿವಲಿಯ ನೀರಿನ ತೊಂದರೆ, ಲೋಕಲಿನ ಗರ್ದಿ ಎಂದು ಏನೇನೋ ಮಾತಾಡಿದೆವು. ಸ್ಟಾಪಿನಲ್ಲಿ ನಿಂತ ಮೇಲೆ, ಎತ್ತಲೋ ನೋಡುತ್ತ, ಈಗ ಏನು ಓಡಿಸುತ್ತಿದ್ದೀರಿ ಎಂದು ಕೇಳಿದರು. ಆ ಪ್ರಶ್ನೆ ಅವರ ಬಾಯಿಂದ ಬರುವುದಕ್ಕೆ ಇಡೀ ಮಧ್ಯಾಹ್ನ ಹಿಡಿದಿತ್ತು. ಹೊಸ ಕಂಪ್ಯೂಟರು ಬಂದಿದೆ, ಇನ್ನೂ ದೊಡ್ಡ ನಕ್ಷತ್ರ ಹಾಕಿದ್ದೇವೆ, ಹೀಲಿಯಂ ಮುಗಿದು ಇಂಗಾಲ ಸುಡಲು ಶುರುವಾಗಿದೆ ಎಂದೆ. ಅಷ್ಟರಲ್ಲಿ ಠಾಣೆಯ ಬಸ್ಸು ಬಂತು. ನಾನು ಹತ್ತಲು ಕಾಲೆತ್ತಿದೆ. ಮೇಡಂ ನನ್ನ ಸೆರಗಿನ ತುದಿ ಹಿಡಿದುಕೊಂಡರು.

"ಇದನ್ನ ಬಿಡ್ರಿ, ಹಿಂದ ಇನ್ನೊಂದ ಬರ್ತೈತಿ. ಎಷ್ಟ ಉಳೀತು ಇಂಗಾಲ? ಹೇಳ್ರಿ."

ನಾನು ಹೇಳಿದೆ. ಅವರು ಬಳೆಗಳನ್ನು ಮೇಲಕ್ಕೆ ಸರಿಸಿ, ಕಣ್ಣು ಮುಚ್ಚಿ ಕೇಳಿದರು. ಶಾಖ ಎಷ್ಟಿತ್ತು, ಒಳಗಿನ ಪದರ ಎಲ್ಲಿಗೆ ನಿಂತಿತು, ಮತ್ತೊಮ್ಮೆ ಓಡಿಸಿ ನೋಡಿದಿರಾ ಎಂದು ಒಂದಾದ ಮೇಲೊಂದು ಕೇಳುತ್ತಲೇ ಹೋದರು. ಹಿಂದಿನ ಬಸ್ಸೂ ಬಂದು ಹೋಯಿತು. ಅದರ ಹಿಂದಿನದೂ. ಕಂಡಕ್ಟರು ಹತ್ತುವುದಿಲ್ಲವೇ ಎಂದು ನಮ್ಮಿಬ್ಬರ ಮುಖ ನೋಡಿ ಬೆಲ್ ಹೊಡೆದ. ನಾನು ಹೇಳುತ್ತ ಹೋದೆ.